ಗುಡಿಗಿಂತ ಮೊದಲು ಖಣಿ: ಬಾದಾಮಿ, ಪಟ್ಟದಕಲ್ಲು ಸೀಮೆಯ ಮರಳುಗಲ್ಲು ಓದುವ ಬಗೆ

ಬಾದಾಮಿಗೆ ಬಂದವರು ನಾಲ್ಕು ಗುಹೆ ಹತ್ತಿ ಇಳಿಯುತ್ತಾರೆ, ಬನಶಂಕರಿಗೆ ಕೈಮುಗಿಯುತ್ತಾರೆ, ಮಧ್ಯಾಹ್ನಕ್ಕೆ 22 ಕಿ.ಮೀ. ಆಚೆಯ ಪಟ್ಟದಕಲ್ಲು, ಸಂಜೆಯೊಳಗೆ ಐಹೊಳೆ. ಇಷ್ಟರ ನಡುವೆ ಈ ಕಲ್ಲೆಲ್ಲ ಬಂದದ್ದೆಲ್ಲಿಂದ ಎಂದು ಕೇಳುವವರು ಕಡಿಮೆ. ಕೇಳಿದರೂ "ಇಲ್ಲೇ ಗುಡ್ಡ ಐತಲ್ರೀ" ಎಂಬ ಉತ್ತರಕ್ಕೆ ಮಾತು ಮುಗಿಯುತ್ತದೆ. ಗುಡ್ಡ ಇರುವುದು ನಿಜ. ಆದರೆ ಗುಡ್ಡದ ಕಲ್ಲೆಲ್ಲ ಗುಡಿಗೆ ಆಗುವುದಿಲ್ಲ. ಯಾವ ಪದರ ತೆಗೆಯಬೇಕು, ಅದು ಎಷ್ಟು ದಪ್ಪ ಬರುತ್ತದೆ, ಎಲ್ಲಿ ಸೀಳಿದೆ ಎಂದು ಖಣಿಯಲ್ಲಿ ನಿಂತು ನೋಡಿದವರು ಕಂಬದ ಅಂತರವನ್ನೂ ತೊಲೆಯ ಉದ್ದವನ್ನೂ ಅರ್ಧ ಅಲ್ಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಅದಕ್ಕೇ ಈ ಸೀಮೆಗೆ ಬರುವವರಿಗೆ ನಾನು ಹೇಳುವುದು ಒಂದೇ ಮಾತು: ಅರ್ಧ ದಿನ ಖಣಿಗೆ ಕೊಡಿ, ಆಮೇಲೆ ಗುಡಿಗೆ ಬನ್ನಿ.

ಪಟ್ಟದಕಲ್ಲಿನಿಂದ ಕೆಲವೇ ಕಿ.ಮೀ. ಉತ್ತರಕ್ಕೆ ಶಂಕರಲಿಂಗನ ಗುಂಡು ಎಂಬ ಜಾಗವಿದೆ. ಚಾಲುಕ್ಯರ ಕಾಲದ ಕಲ್ಲು ಖಣಿಗಳಲ್ಲಿ ಇದು ಮುಖ್ಯವಾದದ್ದು. ಬೆಣೆಯ ಗುರುತುಗಳ ಜೊತೆಗೆ ಇಲ್ಲಿನ ಬಂಡೆಗಳ ಮೇಲೆ ಆ ಕಾಲದ ಕೆಲಸಗಾರರು ಕೊರೆದ ಗೆರೆಚಿತ್ರಗಳಿವೆ, ಹೆಸರುಗಳಿವೆ. ಗುಡಿಯ ಗೋಡೆಯ ಶಿಲ್ಪ ರಾಣಿಯ ಕಾಣಿಕೆ, ರಾಜನ ವಿಜಯದ ನೆನಪು. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಅದು ಆತನ ಕಂಚಿಯ ಗೆಲುವಿನ ಗುರುತು. ಅದರ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿ 'ತ್ರಿಭುವನಾಚಾರಿ' ಎಂಬ ಬಿರುದು ಪಡೆದವನು. ಖಣಿಯ ಬಂಡೆಯ ಮೇಲಿನ ಗೆರೆಗಳಿಗೆ ಅಂಥ ಯಾವ ಹಂಗೂ ಇಲ್ಲ. ಚಾಣ ಹಿಡಿದ ಕೈ ತನ್ನ ಹೆಸರನ್ನು ತಾನೇ ಬರೆದಿಟ್ಟ ಜಾಗ ಅದು. ನನ್ನ ಮಟ್ಟಿಗೆ ಪಟ್ಟದಕಲ್ಲಿನ ಯಾವ ಶಾಸನಕ್ಕೂ ಅದು ಕಡಿಮೆಯಲ್ಲ.

ಕಲ್ಲು ಎಂಥದ್ದು

ಬಾದಾಮಿಯ ಕೆಂಪು ಬಂಡೆಗೆ ಭೂವಿಜ್ಞಾನಿಗಳ ಪಟ್ಟಿಯಲ್ಲಿ ಇರುವ ಹೆಸರೇ 'ಕೇವ್ ಟೆಂಪಲ್ ಅರೆನೈಟ್' (ಅರೆನೈಟ್ ಎಂದರೆ ಒಂದು ಬಗೆಯ ಮರಳುಗಲ್ಲು). ಇದು ಕಲಾದಗಿ ಶಿಲಾಸಮೂಹದ ಮೇಲಿನ ಭಾಗವಾದ ಬಾದಾಮಿ ಗುಂಪಿಗೆ ಸೇರಿದ್ದು. ಆ ಪಟ್ಟಿಯನ್ನು ಓದಿದರೆ ತಾಲೂಕಿನ ಬಸ್ ಬೋರ್ಡ್ ಓದಿದಂತಾಗುತ್ತದೆ: ಕೆರೂರು, ಕೆಂದೂರು, ಕಟಗೇರಿ, ಹಲಕುರ್ಕಿ, ಕೊಂಕಣಕೊಪ್ಪ ಎಲ್ಲವೂ ಒಂದೊಂದು ಪದರದ ಹೆಸರು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ದಕ್ಷಿಣ ಮರಾಠಾ ಸೀಮೆಯ ಬಂಡೆಗಳ ವಿವರವಾದ ವರದಿ ಪ್ರಕಟಿಸಿದಾಗ ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು. ಆ ಪಟ್ಟ ವಿಜಯಪುರಕ್ಕೆ ಹೋಯಿತು, ಶಿಲಾಸಮೂಹದ ಹೆಸರು ಮಾತ್ರ ಕಲಾದಗಿಯದೇ ಉಳಿಯಿತು.

ಖಣಿ ಕೆಲಸಕ್ಕೆ ಬೇಕಾದ ಮುಖ್ಯ ವಿಷಯ ಇಷ್ಟು. ಕಲಾದಗಿ ಸಮೂಹದ ಕೆಳಭಾಗವಾದ ಬಾಗಲಕೋಟೆ ಗುಂಪಿನ ಪದರಗಳು ಒತ್ತಡಕ್ಕೆ ಸಿಕ್ಕು ಮಡಿಚಿವೆ, ವಾಲಿವೆ. ಅದರ ಮೇಲೆ ಕೂತ ಬಾದಾಮಿ ಗುಂಪಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಮಟ್ಟಸ ಪದರ ಎಂದರೆ ಕಲ್ಲು ಒಡೆಯುವವನಿಗೆ ಮೇಲ್ಮೈ ಮತ್ತು ತಳ ಎರಡೂ ಪುಕ್ಕಟೆ ಸಿಕ್ಕಿದ ಹಾಗೆ. ಬಂಡೆಯಲ್ಲಿ ಲಂಬವಾಗಿ ಇಳಿದ ದೊಡ್ಡ ಸೀಳುಗಳೂ ಇವೆ. ಬಾದಾಮಿಯ ಉತ್ತರದ ಕೋಟೆಗೆ ಹತ್ತುವಾಗ ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಹೋಗುತ್ತೇವಲ್ಲ, ಆ ದಾರಿ ಅಂಥ ಸೀಳುಗಳದ್ದೇ. ಅಡ್ಡ ಪದರ, ಉದ್ದ ಸೀಳು ಎರಡೂ ಸೇರಿದರೆ ಪ್ರಕೃತಿಯೇ ಅರ್ಧ ಕತ್ತರಿಸಿಟ್ಟ ಕಲ್ಲು ಸಿಗುತ್ತದೆ. ಗುಡ್ಡದ ಬುಡಕ್ಕೆ ಉರುಳಿದ ಗುಂಡುಗಳನ್ನು ಹಳಬರು ಮೊದಲು ಬಳಸಿದ್ದೂ ಈ ಕಾರಣಕ್ಕೇ. ಮೇಲಿಂದ ಬೀಳುವಾಗ ಒಳಗೆ ಬಿರುಕಿದ್ದವು ಒಡೆದುಹೋಗಿರುತ್ತವೆ, ಗಟ್ಟಿ ಇದ್ದವಷ್ಟೇ ಇಡಿಯಾಗಿ ಉಳಿದಿರುತ್ತವೆ.

ಹತ್ತಿರದಿಂದ ನೋಡಿದರೆ ಈ ಕಲ್ಲು ಹೆಚ್ಚಿನ ಪಾಲು ಸ್ಫಟಿಕದ ಮರಳು. ಕಣಗಳನ್ನು ಹಿಡಿದಿರುವ ಅಂಟು ಎರಡು ಬಗೆ. ಸಿಲಿಕಾ ಅಂಟಿದ್ದಲ್ಲಿ ಕಲ್ಲು ತಿಳಿಬಣ್ಣದ್ದು, ಬಲು ಗಟ್ಟಿ. ಕಬ್ಬಿಣದ ಆಕ್ಸೈಡ್ ಹೆಚ್ಚಿದ್ದಲ್ಲಿ ಕೆಂಪು, ಕೆತ್ತಲು ಹದ. ನಡುವೆ ಎಲ್ಲಾದರೂ ಮಣ್ಣಿನ ತೆಳುಗೆರೆ ಹಾದುಹೋಗಿದ್ದರೆ ಅದೇ ಆ ಕಲ್ಲಿನ ರೋಗ. ಮಳೆಗಾಲದಲ್ಲಿ ಆ ಗೆರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಕೊನೆಗೆ ಅಲ್ಲಿಂದಲೇ ಹಲ್ಲೆ (ತೆಳು ಚಕ್ಕೆ) ಕಿತ್ತು ಬರುತ್ತದೆ.

ಇನ್ನೊಂದು ತೊಡಕು ಓರೆ ಪದರ. ಹರಿಯುವ ನೀರು ತಂದು ಹಾಕಿದ ಮರಳು ಮಟ್ಟವಾಗಿ ಕೂರದೆ ಇಳಿಜಾರಾಗಿ ಕೂತು, ದೊಡ್ಡ ಮಟ್ಟಸ ಪದರದ ಒಳಗೇ ಸಣ್ಣ ಓರೆ ಗೆರೆಗಳಾಗಿ ಉಳಿದಿರುತ್ತದೆ. ಗುಹೆಗಳ ಗೋಡೆಯಲ್ಲಿ, ಶಿಲ್ಪದ ಮೈಮೇಲೇ ಹಾದುಹೋಗುವ ಬಣ್ಣದ ಪಟ್ಟೆಗಳಾಗಿ ಈ ಗೆರೆಗಳು ಕಾಣುತ್ತವೆ. ನೋಡಲು ಚೆಂದ. ಆದರೆ ತೊಲೆಗೆಂದು ಒಡೆಯುವಾಗ ಸೀಳು ನೇರ ಹೋಗುವ ಬದಲು ಈ ಓರೆಯನ್ನು ಹಿಡಿದರೆ ಕಲ್ಲು ಹಾಳು.

ಬೆಣೆ ಸಾಲು

ಖಣಿಯಲ್ಲಿ ಮೊದಲು ಹುಡುಕಬೇಕಾದದ್ದು ಬೆಣೆಯ ಗುಳಿಗಳ ಸಾಲು. ಬಂಡೆಯ ಅಂಚಿಗೆ ಸಮಾನಾಂತರವಾಗಿ ಚಿಕ್ಕ ಆಯತಾಕಾರದ ಗುಳಿಗಳು ಒಂದರ ಪಕ್ಕ ಒಂದು ಇರುತ್ತವೆ. ಕಲ್ಲು ಬೇರ್ಪಟ್ಟ ಕಡೆ ಗುಳಿಯ ಅರ್ಧ ಮಾತ್ರ ಉಳಿದು, ಬಂಡೆಯ ಮುಖದ ಮೇಲಂಚಿನಲ್ಲಿ ಹಲ್ಲಿನ ಗುರುತಿನಂತೆ ಕಾಣುತ್ತದೆ. ಬೇರ್ಪಡದೆ ಬಿಟ್ಟ ಕಡೆ ಇಡೀ ಗುಳಿ ಇರುತ್ತದೆ. ಬಿಟ್ಟ ಸಾಲುಗಳನ್ನು ನಿಧಾನವಾಗಿ ನೋಡಿ. ಯಾಕೆ ಬಿಟ್ಟರು ಎಂಬುದು ಸಾಮಾನ್ಯವಾಗಿ ಒಂದೆರಡು ಅಡಿಯೊಳಗೇ ಕಾಣುತ್ತದೆ. ಮುಂದೆ ಕೂದಲೆಳೆ ಬಿರುಕು ಇರುತ್ತದೆ, ಇಲ್ಲವೆ ಕೆಳಗಿನ ಪದರ ತೆಳುವಾಗಿರುತ್ತದೆ.

ಗುಳಿಯ ಆಕಾರದಿಂದ ಕಾಲ ಹೇಳಲು ಹೋಗುವವರಿಗೆ ಒಂದು ಎಚ್ಚರಿಕೆ. ದುಂಡನೆಯ ತೂತು, ಅಥವಾ ಬಂಡೆಯ ಮುಖದಲ್ಲಿ ಉದ್ದಕ್ಕೆ ಇಳಿದ ಅರ್ಧ ಕೊಳವೆಯ ಗೆರೆ ಕಂಡರೆ ಅದು ಗಾಳಿಯ ಒತ್ತಡದಿಂದ ತೂತು ಕೊರೆಯುವ ಕಂಪ್ರೆಸರ್ ಬಂದಮೇಲಿನ ಕೆಲಸ. ಜಾಕ್‌ಹ್ಯಾಮರ್ ತೂತಿನ ಅಗಲ ಸುಮಾರು 32ರಿಂದ 34 ಮಿ.ಮೀ. ಆಯತದ ಗುಳಿ ಕೈಕೆಲಸದ್ದು, ಇಷ್ಟು ಖಚಿತ. ಆದರೆ ಕೈಕೆಲಸ ಎಂದ ಮಾತ್ರಕ್ಕೆ ಚಾಲುಕ್ಯರದಲ್ಲ. ಅದೇ ಚಾಣ, ಅದೇ ಬೆಣೆ ಇಪ್ಪತ್ತನೆಯ ಶತಮಾನದಲ್ಲೂ ನಡೆದಿವೆ. ಗುಳಿಯ ಒಳಮೈ ಹೊರಗಿನ ಬಂಡೆಯಷ್ಟೇ ಕಪ್ಪಾಗಿ ಮಾಸಿದೆಯೇ, ಪಕ್ಕದಲ್ಲಿ ಹಳಗನ್ನಡದ ಅಕ್ಷರ ಇದೆಯೇ ಎಂದು ನೋಡದೆ ಕಾಲ ಕಟ್ಟಬಾರದು.

ಕೆಲಸ ನಡೆಯುವ ಕ್ರಮ ಹೀಗೆ. ಮೊದಲು ಬಂಡೆಯ ಮೇಲಿನ ಮಾಸಲು ಪದರ ತೆಗೆದು ಸುತ್ತಿಗೆಯಿಂದ ಅಡಿಗೊಂದು ಏಟು ಹಾಕಿ ಕೇಳುತ್ತಾರೆ. 'ಖಣ್' ಎಂದರೆ ಒಳಗೆ ಇಡಿ, 'ಬದ್' ಎಂದರೆ ಒಳಗೆ ಪೊಳ್ಳು ಅಥವಾ ಪದರ ಬಿಟ್ಟಿದೆ. ಬಳಿಕ ನೀರು ಚಿಮುಕಿಸಿ ಒಣಗಲು ಬಿಡುತ್ತಾರೆ. ಎಲ್ಲ ಒಣಗಿದಮೇಲೂ ಒಂದು ಗೆರೆ ಮಾತ್ರ ಹಸಿಯಾಗಿ ಉಳಿದರೆ ಅದೇ ಬಿರುಕು. ಕಣ್ಣಿಗೆ ಕಾಣದ್ದನ್ನು ನೀರು ತೋರಿಸುತ್ತದೆ. ಆಮೇಲೆ ಕೆಮ್ಮಣ್ಣು ಹಚ್ಚಿದ ದಾರ ಎಳೆದು ಚಿಮ್ಮಿ ಗೆರೆ ಹಾಕುತ್ತಾರೆ. ಗೆರೆಯ ಮೇಲೆ ಚಾಣದಿಂದ ಗುಳಿ ತೋಡುತ್ತಾರೆ. ಗುಳಿಗೂ ಗುಳಿಗೂ ನಡುವೆ ಅರ್ಧ ಗೇಣಿನಿಂದ ಒಂದು ಗೇಣು. ಕಲ್ಲು ಹದವಾಗಿದ್ದರೆ ದೂರ ದೂರ, ಒರಟಾಗಿದ್ದರೆ ಹತ್ತಿರ ಹತ್ತಿರ.

ಗುಳಿ ತೋಡುವುದರಲ್ಲಿ ಕಣ್ಣಿಗೆ ಬೀಳದ ಒಂದು ನಾಜೂಕಿದೆ. ಬೆಣೆ ಗುಳಿಯ ಎರಡು ಪಕ್ಕಕ್ಕೆ ಒತ್ತಬೇಕು, ತಳಕ್ಕೆ ಮುಟ್ಟಬಾರದು. ಅದಕ್ಕೇ ಗುಳಿಯನ್ನು ಬೆಣೆಗಿಂತ ಬೆರಳಷ್ಟು ಆಳ ತೋಡಿ, ತಳದ ಪುಡಿಯನ್ನು ಊದಿ ತೆಗೆಯುತ್ತಾರೆ. ಪುಡಿ ಉಳಿದರೆ ಬೆಣೆಯ ತುದಿ ಅದರ ಮೇಲೆ ಕೂರುತ್ತದೆ. ಎಷ್ಟು ಬಡಿದರೂ ಏಟು ಕೆಳಕ್ಕೆ ಹೋಗುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ, ಗುಳಿಯ ಬಾಯಿ ಚೂರು ಚೂರು ಕಿತ್ತು ಬರುತ್ತದೆ. ಹೊಸಬರ ಗುಳಿಗಳ ಬಾಯಿ ಒಡೆದಿರುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ. ಗುಳಿಗಳ ಆಳ ಒಂದೇ ಸಮ ಇರಬೇಕು ಎನ್ನುವುದೂ ಇದೇ ಲೆಕ್ಕ. ಒಂದು ಆಳ, ಒಂದು ಮೇಲು ಆದರೆ ಸೀಳು ಏಕರೇಖೆಯಲ್ಲಿ ಇಳಿಯದೆ ತಿರುಚಿಕೊಳ್ಳುತ್ತದೆ.

ಬೆಣೆಗಳನ್ನು ಕೂರಿಸಿದಮೇಲೆ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೆ ಒಂದೊಂದೇ ಏಟು. ಮತ್ತೆ ಮೊದಲಿಂದ. ಎಲ್ಲ ಬೆಣೆಗಳ ಸದ್ದು ಒಂದೇ ಸ್ವರಕ್ಕೆ ಬಂದಾಗ ಒತ್ತಡ ಸಮ ಆಯಿತು ಎಂದು ಅರ್ಥ. ಆಗ ಸುತ್ತಿಗೆ ಕೆಳಗಿಟ್ಟು ಕಾಯಬೇಕು. ಬಿರುಕು ಕಲ್ಲಿನೊಳಗೆ ತಾನೇ ನಡೆಯಲು ಹೊತ್ತು ಬೇಕು. ಅವಸರ ಮಾಡಿ ಒಂದೇ ಬೆಣೆಗೆ ಬಲವಾಗಿ ಬಡಿದರೆ ಸೀಳು ಆ ಬೆಣೆಯಿಂದ ಅಡ್ಡಕ್ಕೆ ಓಡುತ್ತದೆ. ಒಣಮರದ ಬೆಣೆ ಬಡಿದು ನೀರು ಹಾಕಿದರೆ ಮರ ಉಬ್ಬಿ ಕಲ್ಲು ಸೀಳುತ್ತದೆ ಎಂಬ ಮಾತನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಆ ವಿಧಾನ ಇದೆ, ಪದರ ಬಿಡಿಸಲು ನಡೆಯುತ್ತದೆ. ಪದರಕ್ಕೆ ಅಡ್ಡವಾಗಿ ಕತ್ತರಿಸಬೇಕಾದಲ್ಲಿ ಕಬ್ಬಿಣದ ಬೆಣೆಯೇ ಸರಿ.

ಎಲ್ಲಕ್ಕಿಂತ ದೊಡ್ಡ ನಿಯಮ: ಅರ್ಧಕ್ಕೆ ಸೀಳು. ಗೆರೆಯ ಎರಡೂ ಬದಿಗೆ ಕಲ್ಲು ಸಮವಾಗಿ ಇದ್ದರೆ ಸೀಳು ನೇರ ಇಳಿಯುತ್ತದೆ. ಒಂದು ಬದಿ ತೆಳುವಾಗಿದ್ದರೆ ಆ ಬದಿ ಬಾಗಿಕೊಡುತ್ತದೆ, ಸೀಳು ಆ ಕಡೆಗೆ ವಾಲಿ ಹೊರಬೀಳುತ್ತದೆ. ಎಂಟು ಅಡಿ ಅಗಲದ ಬಂಡೆಯಿಂದ ಎರಡಡಿಯ ನಾಲ್ಕು ತುಂಡು ಬೇಕಿದ್ದರೆ ಅಂಚಿನಿಂದ ಎರಡೆರಡು ಅಡಿ ಕತ್ತರಿಸುತ್ತ ಹೋಗಬಾರದು. ಮೊದಲು ನಾಲ್ಕಕ್ಕೆ, ಆಮೇಲೆ ಒಂದೊಂದನ್ನು ಎರಡಕ್ಕೆ. ಖಣಿಯಲ್ಲಿ ಬಿದ್ದಿರುವ ಮುರುಕು ತುಂಡುಗಳಲ್ಲಿ ಒಂದು ತುದಿ ದಪ್ಪ, ಒಂದು ತುದಿ ಚೂಪು ಇರುವಂಥವು ಹೀಗೆ ಹಾದಿ ತಪ್ಪಿದ ಸೀಳಿನಿಂದ ಆದವು.

ಎತ್ತಿದ ಕಲ್ಲನ್ನು ಖಣಿಯಲ್ಲೇ ಒರಟು ಹದಕ್ಕೆ ತರುತ್ತಾರೆ, ತೂಕ ಇಳಿಯಲಿ ಎಂದು. ಈ ಮರಳುಗಲ್ಲು ಘನ ಅಡಿಗೆ ಸುಮಾರು 65 ಕೆ.ಜಿ. ತೂಗುತ್ತದೆ. ಹತ್ತಡಿ ಉದ್ದ, ಎರಡಡಿ ಅಗಲ, ಎರಡಡಿ ದಪ್ಪದ ತೊಲೆ 2,600 ಕೆ.ಜಿ. ನಾಲ್ಕೂ ಬದಿಯಿಂದ ಎರಡೆರಡು ಇಂಚು ಖಣಿಯಲ್ಲೇ ತೆಗೆದರೆ 800 ಕೆ.ಜಿ. ಹತ್ತಿರ ಹಗುರಾಗುತ್ತದೆ. ಹಾಗೆಂದು ಪೂರ್ತಿ ನಯ ಮಾಡಿ ಸಾಗಿಸುವುದಿಲ್ಲ. ದಾರಿಯಲ್ಲಿ ಅಂಚು ಮುಕ್ಕಾದರೆ ಸರಿಮಾಡಲು ಎರಡು ಬೆರಳಿನಷ್ಟು ಹೆಚ್ಚುವರಿ ಬಿಡಬೇಕು.

ಕೆತ್ತನೆಗೆ ಮಾತ್ರ ತಡ ಮಾಡಬಾರದು. ಬಂಡೆಯಿಂದ ಆಗಷ್ಟೇ ಬಿಡಿಸಿದ ಮರಳುಗಲ್ಲಿನಲ್ಲಿ ಖಣಿಯ ತೇವ ಇರುತ್ತದೆ, ಚಾಣಕ್ಕೆ ಮೆತ್ತಗೆ ಸಿಗುತ್ತದೆ. ತೇವ ಆರುತ್ತ ಒಳಗಿನ ಕರಗಿದ ಖನಿಜ ಮೇಲ್ಮೈಗೆ ಬಂದು ಕೂತು ಕಲ್ಲಿಗೆ ಗಟ್ಟಿ ಚರ್ಮ ಕಟ್ಟುತ್ತದೆ. ನೂರಾರು ವರ್ಷ ಶಿಲ್ಪವನ್ನು ಕಾಯುವುದು ಈ ಚರ್ಮ. ಹಳೆಯ ಗುಡಿಯನ್ನು 'ಸ್ವಚ್ಛ' ಮಾಡಲು ಆ್ಯಸಿಡ್ ಹಾಕುವುದು, ತಂತಿ ಬ್ರಷ್‌ನಲ್ಲಿ ಉಜ್ಜುವುದು, ಮರಳು ಊದುವುದು ಎಲ್ಲವೂ ಅದನ್ನೇ ಕಿತ್ತುಹಾಕುವ ಕೆಲಸ. ಊರ ಗುಡಿಗಳ ಜೀರ್ಣೋದ್ಧಾರ ಸಮಿತಿಯವರು ದಯವಿಟ್ಟು ಇದನ್ನು ಗಮನದಲ್ಲಿಡಬೇಕು. ಹಳೆ ಸುಣ್ಣ, ಎಣ್ಣೆ ಜಿಡ್ಡು ತೆಗೆಯಬೇಕಿದ್ದರೆ ನೀರು ಮತ್ತು ಮೆತ್ತನೆ ನಾರಿನ ಬ್ರಷ್, ಅಷ್ಟೇ.

ಪದರ ಗುಡಿಯನ್ನು ಆಳಿದ್ದು

ಈಗ ಪಟ್ಟದಕಲ್ಲಿನ ಮಂಟಪದೊಳಗೆ ನಿಂತು ಮೇಲೆ ನೋಡಿ. ಕಲ್ಲು ಒತ್ತಡ ತಡೆಯುವಷ್ಟು ಎಳೆತ ತಡೆಯುವುದಿಲ್ಲ. ಎಳೆತದ ಬಲ ಒತ್ತಡದ ಹತ್ತರಲ್ಲೊಂದು ಪಾಲು, ಕೆಲವು ಕಲ್ಲಿನಲ್ಲಿ ಅದಕ್ಕೂ ಕಡಿಮೆ. ತೊಲೆ ತನ್ನ ಭಾರಕ್ಕೇ ತುಸು ಜಗ್ಗಿದಾಗ ಅದರ ತಳ ಎಳೆತಕ್ಕೆ ಸಿಗುತ್ತದೆ. ದಪ್ಪ ಅಷ್ಟೇ ಇಟ್ಟು ಹರವನ್ನು (ಆಧಾರಗಳ ನಡುವಿನ ಅಂತರವನ್ನು) ಎರಡು ಪಟ್ಟು ಮಾಡಿದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ದಪ್ಪವನ್ನು ಬೇಕಾದಷ್ಟು ಹೆಚ್ಚಿಸೋಣ ಎಂದರೆ ಖಣಿಯ ಪದರ ಒಪ್ಪಬೇಕು. ಹೀಗಾಗಿ ಕಂಬಗಳು ಹತ್ತಿರ ಹತ್ತಿರ ಬಂದವು.

ಕಂಬದ ತಲೆಯ ಮೇಲಿನ ಬೋದಿಗೆ ಅಲಂಕಾರಕ್ಕೆ ಇಟ್ಟದ್ದು ಎಂದು ತಿಳಿದವರಿದ್ದಾರೆ. ಕಂಬದ ನಡುವಿನಿಂದ ನಡುವಿಗೆ ಎಂಟಡಿ ಇದ್ದು, ಬೋದಿಗೆ ಎರಡೂ ಕಡೆ ಒಂದೂವರೆ ಅಡಿ ಚಾಚಿದೆ ಎನ್ನಿ. ತೊಲೆಗೆ ಬೀಳುವ ಹರವು ಐದಡಿ. ತಳದ ಎಳೆತ ಅಂದಾಜು ನೂರಕ್ಕೆ ನಲವತ್ತಕ್ಕೆ ಇಳಿಯಿತು. ಪದರ ಕೊಡದ ದಪ್ಪವನ್ನು ಬೋದಿಗೆ ಹೀಗೆ ತುಂಬಿಕೊಡುತ್ತದೆ.

ಐಹೊಳೆಯ ಲಾಡಖಾನ್ ಗುಡಿಯ ಛಾವಣಿಯನ್ನು ಇದೇ ಕಣ್ಣಿನಲ್ಲಿ ನೋಡಬೇಕು. ಇಳಿಜಾರಾಗಿ ಹಾಸಿದ ದೊಡ್ಡ ಚಪ್ಪಡಿಗಳು, ಒಂದಕ್ಕೊಂದು ಸೇರುವ ಸಂದಿನ ಮೇಲೆ ಉದ್ದನೆಯ ಕಿರಿದಾದ ಕಲ್ಲುಪಟ್ಟಿ. ಇದನ್ನು ಮರದ ಮನೆಯ ನಕಲು ಎಂದು ವಿವರಿಸುವುದುಂಟು, ಇರಬಹುದು. ಕೆಲಸದ ದೃಷ್ಟಿಯಿಂದ ಅದು ಸಂದಿಗೆ ಮುಚ್ಚಳ. ಗಾರೆಯಿಲ್ಲದೆ ಕಟ್ಟುವವನಿಗೆ ಮಳೆ ನೀರು ಒಳಗೆ ಬಾರದಂತೆ ಮಾಡಲು ಇದಕ್ಕಿಂತ ನೇರವಾದ ಉಪಾಯವಿಲ್ಲ. ಸೋರುವ ಮಾಳಿಗೆಗೆ ರಾಸಾಯನಿಕ ಬಳಿಯುವ ನಾವು ಒಮ್ಮೆ ಅಲ್ಲಿ ನಿಂತು ಯೋಚಿಸಬೇಕು.

ಗುಹೆಯದ್ದು ತಿರುಗು ಲೆಕ್ಕ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಲ್ಲನ್ನು ತಂದು ಕೂರಿಸಿಲ್ಲ, ಬೇಡವಾದದ್ದನ್ನು ತೆಗೆದಿದ್ದಾರೆ. ತಪ್ಪಿದರೆ ಬದಲಿ ಕಲ್ಲಿಲ್ಲ. ಅಷ್ಟು ದಪ್ಪದ, ಸೀಳು ಕಡಿಮೆ ಇರುವ ಬಂಡೆಯನ್ನು ಕೊರೆಯುವ ಮೊದಲೇ ಗುರುತಿಸಿದ ಕಣ್ಣು ಎಂಥದ್ದಿರಬೇಕು!

ಕಲ್ಲು ಯಾಕೆ ಉದುರುತ್ತದೆ

ಗೋಡೆಯ ಕಲ್ಲನ್ನು ಭೂಮಿಯಲ್ಲಿ ಹೇಗೆ ಮಲಗಿತ್ತೋ ಹಾಗೇ ಮಲಗಿಸಬೇಕು. ಪದರವನ್ನು ನಿಲ್ಲಿಸಿ ಅದರ ಚಪ್ಪಟೆ ಮುಖವನ್ನು ಹೊರಗೆ ಮಾಡಿದರೆ ಭಾರ ಪದರಗಳನ್ನು ಬಿಡಿಸುವ ದಿಕ್ಕಿಗೆ ಬೀಳುತ್ತದೆ, ಹಲ್ಲೆ ಹಲ್ಲೆಯಾಗಿ ಏಳುತ್ತದೆ. ಕಂಬಕ್ಕೆ ಬೇರೆ ದಾರಿಯಿಲ್ಲ. ಹತ್ತಡಿ ದಪ್ಪದ ಪದರ ಸಿಗದಿದ್ದರೆ ಉದ್ದ ಕಲ್ಲನ್ನು ಎತ್ತಿ ನಿಲ್ಲಿಸಲೇಬೇಕು. ಅದಕ್ಕೇ ಇಂಥ ಕಂಬಗಳ ಬುಡದ ಎರಡು ಮೂರು ಅಡಿ ಮೊದಲು ಕೆಡುವ ಜಾಗ.

ಬುಡವೇ ಯಾಕೆ ಎಂದರೆ ಉಪ್ಪು. ನೆಲದ ತೇವ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ನೀರು ಆರುವ ಜಾಗದಲ್ಲಿ ಉಪ್ಪು ಹರಳುಗಟ್ಟಿ, ಮರಳಿನ ಕಣಗಳನ್ನು ಒಳಗಿನಿಂದಲೇ ತಳ್ಳುತ್ತದೆ. ಐಹೊಳೆಯ ಗುಡಿಗಳಲ್ಲಿ ಬಹಳ ಕಾಲ ಜನ ವಾಸವಿದ್ದರು, ದನ ಕಟ್ಟಿದ್ದರು. ಗಂಜಲದ ಉಪ್ಪು ನೆಲಕ್ಕಿಳಿದರೆ ಬೇಗ ಹೋಗುವುದಿಲ್ಲ. ಪಟ್ಟದಕಲ್ಲಿಗೆ ಮಲಪ್ರಭೆಯೂ ಇದ್ದಾಳೆ. 2019ರ ಆಗಸ್ಟಿನಲ್ಲಿ ಗುಡಿಗಳ ಆವರಣಕ್ಕೇ ಹೊಳೆ ನುಗ್ಗಿತ್ತು. ನೀರು ಇಳಿದದ್ದು ಕಣ್ಣಿಗೆ ಕಾಣುತ್ತದೆ, ಕಲ್ಲಿನೊಳಗಿನ ತೇವ ಆರಲು ತಿಂಗಳುಗಟ್ಟಲೆ ಬೇಕು.

ಇದಕ್ಕೆ ಜನ ಮಾಡುವ ಮದ್ದೇ ರೋಗವನ್ನು ಹೆಚ್ಚಿಸುತ್ತದೆ. ಕಲ್ಲಿನ ಸಂದಿಗೆ ಸಿಮೆಂಟ್ ತುಂಬುತ್ತಾರೆ, ಬುಡಕ್ಕೆ ಸಿಮೆಂಟ್ ಕಟ್ಟೆ ಹಾಕುತ್ತಾರೆ. ಸಿಮೆಂಟ್ ಕಲ್ಲಿಗಿಂತ ಬಿಗಿ. ಸಂದಿನಲ್ಲಿ ಆರಬೇಕಿದ್ದ ನೀರು ಕಲ್ಲಿನ ಮೈಯಿಂದ ಆರತೊಡಗುತ್ತದೆ. ಹತ್ತು ವರ್ಷಕ್ಕೆ ಸಿಮೆಂಟ್ ಗೆರೆ ಗಟ್ಟಿಯಾಗಿ ಉಬ್ಬಿ ನಿಂತಿರುತ್ತದೆ, ನಡುವಿನ ಕಲ್ಲು ಒಳಕ್ಕೆ ಸವೆದಿರುತ್ತದೆ. ಬಾದಾಮಿ, ಗುಳೇದಗುಡ್ಡ, ಕೆರೂರಿನ ಹಳೆ ಮನೆಗಳ ಬೀದಿಯಲ್ಲಿ ನಡೆದರೆ ಇದರ ಉದಾಹರಣೆ ಹುಡುಕಬೇಕಿಲ್ಲ. ಸರಿಯಾದದ್ದು ಸುಣ್ಣದ ಗಾರೆ: ಚೆನ್ನಾಗಿ ಅರಳಿಸಿ ಕೊಳೆಹಾಕಿದ ಸುಣ್ಣ ಒಂದು ಪಾಲು, ಸೋಸಿದ ಮರಳು ಮೂರು ಪಾಲು. ಸಂದಿಯನ್ನು ಅದರ ಅಗಲದ ಎರಡು ಪಟ್ಟು ಆಳಕ್ಕೆ ಕೆರೆದು, ಪುಡಿ ತೆಗೆದು, ನೀರು ಚಿಮುಕಿಸಿ ತುಂಬಬೇಕು. ವಾರದಷ್ಟು ದಿನ ಗೋಣಿತಾಟು ಕಟ್ಟಿ ಹಸಿ ಇಡಬೇಕು. ಬಿಸಿಲಿನಲ್ಲಿ ಬೇಗ ಒಣಗಿದ ಸುಣ್ಣ ಕೈಯಲ್ಲಿ ಉಜ್ಜಿದರೆ ಉದುರುತ್ತದೆ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸ ಹಿಡಿಯಬಾರದು.

ಊರುಗಳಲ್ಲಿ ಈ ಕಲ್ಲು

ಈ ಭಾಗದ ಮಾಳಿಗೆ ಮನೆಯ ಗೋಡೆ ಕಲ್ಲಿನದು, ನೆಲ ಫರಸಿ (ಹಾಸುಗಲ್ಲು), ಮಾಡಿನ ಮೇಲೆ ಸವುಳು ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ಇಂದಿಗೂ ಹಳೆ ಓಣಿಗಳಲ್ಲಿ ನಡೆದಿದೆ. ಗುಳೇದಗುಡ್ಡ ಎಂದರೆ ಹೊರಗಿನವರಿಗೆ ಖಣ (ಕುಪ್ಪಸದ ಬಟ್ಟೆ), ನಮಗೆ ಖಣವೂ ಹೌದು, ಕಲ್ಲೂ ಹೌದು.

ಮನೆಗೆ ಮರಳುಗಲ್ಲಿನ ಫರಸಿ ತರುವವರು ಅಂಗಡಿಯಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಅಂಚು. ಅಂಚಿನಲ್ಲಿ ಬೂದು ಅಥವಾ ಹಸಿರು ಛಾಯೆಯ ತೆಳು ಗೆರೆ ಇದ್ದರೆ ಅದು ಮಣ್ಣಿನ ಪದರ, ಬಿಟ್ಟುಬಿಡಿ. ಒಂದು ತುದಿ ಎತ್ತಿ ಹಿಡಿದು ತಟ್ಟಿ ಸದ್ದು ಕೇಳಿ. ಒಂದು ಚಮಚ ನೀರು ಹಾಕಿ. ತಕ್ಷಣ ಇಂಗಿದರೆ ಅಡಿಗೆ ಮನೆಗೆ ಬೇಡ, ಎಣ್ಣೆ ಕಲೆ ಹೋಗುವುದಿಲ್ಲ, ಅಂಗಳಕ್ಕೆ ಹಾಕಿ. ಮೇಲ್ಮೈಯಲ್ಲಿ ಅಲೆಯ ಏರಿಳಿತ ಕಂಡರೆ ಅದು ದೋಷವಲ್ಲ. ಒಂದು ಕಾಲದ ನೀರಿನ ತಳದಲ್ಲಿ ಮರಳಿನ ಮೇಲೆ ಮೂಡಿದ ಅಲೆಗುರುತು ಹಾಗೇ ಕಲ್ಲಾಗಿದೆ. ಬೆರಳಾಡಿಸಿದರೆ ಒಂದು ಬದಿ ಮೆಲ್ಲನೆ ಏರಿ, ಇನ್ನೊಂದು ಬದಿ ಚುರುಕಾಗಿ ಇಳಿಯುವುದು ಗೊತ್ತಾಗುತ್ತದೆ. ನೀರು ಹರಿದದ್ದು ಆ ಚುರುಕು ಇಳಿತದ ದಿಕ್ಕಿಗೆ. ಇಂಥ ಫರಸಿಯನ್ನು ಪಾಲಿಶ್ ಹೊಡೆಸಿ ನುಣ್ಣಗೆ ಮಾಡಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಬಚ್ಚಲಲ್ಲೂ ಅಂಗಳದಲ್ಲೂ ಕಾಲು ಜಾರದಂತೆ ಹಿಡಿಯುವುದು ಆ ಅಲೆಯೇ.

ಇದು ಮರಳುಗಲ್ಲೋ ಸುಣ್ಣಗಲ್ಲೋ ಎಂದು ಅನುಮಾನ ಬಂದರೆ ಚೂರು ಕೆರೆದು ಪುಡಿ ಮಾಡಿ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣಗಲ್ಲು. ಅಟ್ಟಕ್ಕೆ ಚಪ್ಪಡಿ ಹಾಕುವವರು ಎರಡೂ ಗೋಡೆಯ ಮೇಲೆ ಕನಿಷ್ಠ 6 ಇಂಚು ಕೂರುವಂತೆ ಅಳತೆ ಕೊಡಬೇಕು. ತೂಕದ ಚೀಲಗಳನ್ನು ನಡುವೆ ಪೇರಿಸದೆ ಗೋಡೆಯ ಬದಿಗೆ ಇಡಬೇಕು. ಕಲ್ಲಿನ ಚಪ್ಪಡಿ ಮುರಿಯುವ ಮುನ್ನ ಬಾಗಿ ಎಚ್ಚರಿಸುವುದಿಲ್ಲ.

ಇಲ್ಲಿಂದ ಪೂರ್ವಕ್ಕೆ ಹುನಗುಂದ ದಾಟಿ ಇಳಕಲ್ಲಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಮರಳುಗಲ್ಲಿನ ಹಾಸು ಮುಗಿದು ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಮೇಲೆದ್ದಿದೆ. ಅದಕ್ಕೆ ಪದರವಿಲ್ಲ, ಪುಕ್ಕಟೆ ಸಿಗುವ ತಳವಿಲ್ಲ. ಆರೂ ಮುಖ ಮನುಷ್ಯನೇ ಬಿಡಿಸಬೇಕು. ಹತ್ತಡಿ, ಆರಡಿ, ಐದಡಿಯ ಒಂದು ಬ್ಲಾಕ್ ಘನ ಅಡಿಗೆ 75 ಕೆ.ಜಿ. ಲೆಕ್ಕದಲ್ಲಿ 22 ಟನ್ ದಾಟುತ್ತದೆ. ಅದರಲ್ಲಿ ಒಂದು ಕೂದಲೆಳೆ ಬಿರುಕು, ಒಂದು ಕಪ್ಪು ಚುಕ್ಕೆ ಇದ್ದರೂ ಖರೀದಿದಾರ ಒಪ್ಪುವುದಿಲ್ಲ. ರಸ್ತೆಬದಿಯ ಗುಲಾಬಿ ಬಣ್ಣದ ಕಲ್ಲುರಾಶಿಗಳೆಲ್ಲ ಹೀಗೆ ಬಿದ್ದವು. ಚಾಲುಕ್ಯರ ಕಲ್ಲುಕುಟಿಗರು ಗುಡಿಗಳಿಗೆ ಮರಳುಗಲ್ಲನ್ನೇ ನೆಚ್ಚಿದ್ದರಲ್ಲಿ ಇದರ ಪಾಲು ದೊಡ್ಡದು.

ಹುಡಿ

ಖಣಿಯ ಬಗ್ಗೆ ಬರೆದು ಇದನ್ನು ಬಿಟ್ಟರೆ ತಪ್ಪಾಗುತ್ತದೆ. ಸ್ಫಟಿಕದ ಸಣ್ಣ ಹುಡಿ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿಯಾಗುವ ಮದ್ದಿಲ್ಲ; ಕ್ಷಯ ಅಂಟುವ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣುವ ದಪ್ಪ ದೂಳಿಗಿಂತ ಕಾಣದ ಹುಡಿಯಲ್ಲಿ. ಕೈ ಚಾಣಕ್ಕಿಂತ ಗ್ರೈಂಡರ್ ಹೆಚ್ಚು ಸಣ್ಣ ಹುಡಿ ಎಬ್ಬಿಸುತ್ತದೆ, ಆದ್ದರಿಂದ ಈಗಿನ ಕೆಲಸ ಹಳೆಯದಕ್ಕಿಂತ ಅಪಾಯದ್ದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಇದು ನಿಲ್ಲುವುದಿಲ್ಲ. ಕತ್ತರಿಸುವ ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು, ಗಾಳಿಗೆ ಬೆನ್ನು ಮಾಡಿ ಕೂರಬಾರದು (ಹುಡಿ ಮುಖದ ಮುಂದೆಯೇ ಸುತ್ತುತ್ತದೆ), ಗಾಳಿ ಪಕ್ಕದಿಂದ ಹಾಯುವಂತೆ ಕೂರಬೇಕು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ದರ್ಜೆಯ ಮಾಸ್ಕ್ ಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಝಾಡಿಸಬಾರದು. ಮನೆಗೆ ಕಲ್ಲು ಕೆಲಸ ಮಾಡಿಸುವವರು ನೀರಿನ ಪೈಪು, ಮಾಸ್ಕು ಎರಡನ್ನೂ ತಾವೇ ಕೊಡಬೇಕು; ಕೂಲಿಯವನು ಕೇಳಲಿ ಎಂದು ಕಾಯಬಾರದು.

ನೋಡಲು ಹೋಗುವವರಿಗೆ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುವಾಗ ಮಾತ್ರ ಗೆರೆಗಳು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ಬಂಡೆ ಖಾಲಿ ಎನಿಸುತ್ತದೆ. ನೀರು ಹೊತ್ತು ಹೋಗಿ, ಕಾಲಿಗೆ ಬೂಟು ಇರಲಿ, ಸಂದಿಗಳಿಗೆ ಕೈ ಹಾಕಬೇಡಿ. ದಾರಿ ಹೊಲಗಳ ನಡುವೆ ಇದ್ದರೆ ಹೊಲದವರನ್ನು ಕೇಳಿಯೇ ಹೆಜ್ಜೆ ಇಡಿ. ಗೆರೆ ಕಾಣಲಿ ಎಂದು ಸೀಮೆಸುಣ್ಣ ತೀಡುವುದು, ಎಣ್ಣೆ ಸುರಿಯುವುದು, ಕಲ್ಲಿನಿಂದ ಕೆರೆದು ಗಾಢ ಮಾಡುವುದು ಯಾವುದೂ ಬೇಡ. ಮೊಬೈಲ್ ಟಾರ್ಚನ್ನು ಬಂಡೆಯ ಮೈಗೆ ತಾಗಿಸಿದಂತೆ ಪಕ್ಕದಿಂದ ಹಿಡಿದರೆ ಸಾಕು.

ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು ಕಾನೂನಿದೆ. ಕಿಲೋಮೀಟರುಗಟ್ಟಲೆ ದೂರದ ಹಳೆ ಖಣಿಗೆ ಗುಡಿಯ ಆ ವಲಯದ ನೆರಳು ತಾಗುವುದಿಲ್ಲ. ಹೊಲ ಸಮ ಮಾಡುವಾಗ, ಒಡ್ಡು ಹಾಕುವಾಗ, ಪಾಯಕ್ಕೆ ಕಲ್ಲು ಬೇಕಾದಾಗ ಮೊದಲು ಏಟು ಬೀಳುವುದು ಬೇಲಿಯಿಲ್ಲದ ಇಂಥ ಬಂಡೆಗಳಿಗೆ. ಆದ್ದರಿಂದ ಬೆಣೆ ಸಾಲು, ಗೆರೆಚಿತ್ರ, ಅಕ್ಷರ ಕಂಡವರು ಅಳತೆಪಟ್ಟಿ ಇಟ್ಟು ಹತ್ತಿರದ ಒಂದು, ಸುತ್ತಲಿನ ಗುಡ್ಡ ಕಾಣುವಂತೆ ದೂರದ ಒಂದು ಫೋಟೋ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಊರ ತಲಾಠಿಯಿಂದ ಸರ್ವೆ ನಂಬರ್ ಕೇಳಿ ಬರೆದುಕೊಳ್ಳಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಪುರಾತತ್ತ್ವ ಇಲಾಖೆಯ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸರ್ವೆ ನಂಬರ್ ಇಲ್ಲದ ಅರ್ಜಿ ಫೈಲಿನಿಂದ ಏಳುವುದಿಲ್ಲ. ಗುಡ್ಡದ ಹೆಸರೊಂದನ್ನೇ ಬರೆದರೆ ಜಾಗ ಯಾವುದೆಂದು ಅವರಿಗೂ ತಿಳಿಯುವುದಿಲ್ಲ.